ಕಿಣ್ವ ಸಮ್ಮೇಳನಕ್ಕೆ ಹೊರಡುವ ಮುನ್ನ

ಮಂಗಳೂರಿನಲ್ಲಿ ಬಯೋಕೆಮಿಸ್ಟ್ರಿ ಮತ್ತು ಬಯೋಟೆಕ್ನಾಲಜಿ ಸಂಶೋಧನಾ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದೆ.

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಜೋರಾಗಿದೆ, ಮೈಕ್ ಅಷ್ಟಕ್ಕಷ್ಟೆ. ಹಿಂದೆ ಕೂತವರಿಗೆ ಕೇಳದಿದ್ದರೆ ಕೈ ಎತ್ತಿ, ಸುಮ್ನೆ ತಲೆಯಾಡಿಸಬೇಡಿ.

ಇವತ್ತು ವಿಜ್ಞಾನದ ಪಾಠ ಕಡಿಮೆ. ನಿಮ್ಮಲ್ಲಿ ಕೆಲವರು ಮುಂದಿನ ವರ್ಷ ಹೊರದೇಶದ ಕಿಣ್ವ (ಎಂಜೈಮ್, ಅಂದರೆ ಜೀವಿಗಳೊಳಗಿನ ರಾಸಾಯನಿಕ ಕ್ರಿಯೆಗಳಿಗೆ ವೇಗ ಕೊಡುವ ಪ್ರೋಟೀನ್) ಸಮ್ಮೇಳನಕ್ಕೆ ಅರ್ಜಿ ಹಾಕುವವರಿದ್ದೀರಿ. ಅರ್ಜಿ ಹೇಗೆ, ದುಡ್ಡು ಎಲ್ಲಿಂದ, ವೀಸಾ ಯಾವಾಗ ಎಂದು ಹೇಳುವವರು ಸಿಗುತ್ತಾರೆ. ಅಲ್ಲಿ ಹೋದ ಮೇಲೆ ಬೆಳಗ್ಗಿನ ತಿಂಡಿಯಿಂದ ರಾತ್ರಿ ಮಲಗುವ ತನಕ ಏನು ಮಾಡಬೇಕು ಎಂದು ಹೇಳುವವರು ಕಡಿಮೆ. ನನ್ನ ಮಾತು ಹೆಚ್ಚಾಗಿ ಅದರ ಬಗ್ಗೆ.

ಸಮ್ಮೇಳನಗಳಲ್ಲಿ ಎರಡು ಬಗೆ ಇದೆ. ದೊಡ್ಡ ಊರಿನ ದೊಡ್ಡ ಹಾಲ್, ಸಾವಿರಾರು ಜನ, ಕುತ್ತಿಗೆಗೆ ಟ್ಯಾಗ್, ಸಂಜೆಯಾದರೆ ಎಲ್ಲರೂ ಅವರವರ ಹೋಟೆಲಿಗೆ. ಇದು ಒಂದು ಬಗೆ. ಇನ್ನೊಂದರಲ್ಲಿ ನೂರಿನ್ನೂರು ಜನ ಊರಾಚೆಯ ಒಂದೇ ಜಾಗದಲ್ಲಿ ನಾಲ್ಕೈದು ದಿನ ಒಟ್ಟಿಗೆ ಇರುತ್ತಾರೆ. ಊಟ, ವಸತಿ, ಚರ್ಚೆ ಎಲ್ಲ ಅಲ್ಲೇ. ಮದುವೆಗೆ ಮುಹೂರ್ತಕ್ಕೆ ಬಂದು ಊಟ ಮಾಡಿ ಹೋಗುವ ನೆಂಟರಿಗೂ ಎರಡು ದಿನ ಮೊದಲೇ ಬಂದು ತೆಂಗಿನಕಾಯಿ ತುರಿಯುತ್ತಾ ಕೂರುವ ನೆಂಟರಿಗೂ ವ್ಯತ್ಯಾಸ ಇದೆಯಲ್ಲ, ಹಾಗೆ. ಮನೆಯ ನಿಜವಾದ ಸುದ್ದಿ ಗೊತ್ತಾಗುವುದು ಎರಡನೆಯವರಿಗೆ.

ಈ ಎರಡನೇ ಬಗೆಗೆ ಹೆಸರಾದದ್ದು ಅಮೆರಿಕದ ಗಾರ್ಡನ್ ರಿಸರ್ಚ್ ಕಾನ್ಫರೆನ್ಸ್. 1931ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ನೀಲ್ ಗಾರ್ಡನ್ ಎಂಬ ರಸಾಯನಶಾಸ್ತ್ರದ ಪ್ರೊಫೆಸರ್ ಬೇಸಿಗೆಯಲ್ಲಿ ಶುರು ಮಾಡಿದ ಸಣ್ಣ ಕೂಟಗಳು ಅವು. ಆಮೇಲೆ ಮೇರಿಲ್ಯಾಂಡಿನ ಗಿಬ್ಸನ್ ಐಲ್ಯಾಂಡಿಗೆ ಹೋದವು, ಅಲ್ಲಿಂದ ನ್ಯೂ ಹ್ಯಾಂಪ್‌ಶೈರ್ ಕಡೆಗೆ ಬಂದವು. ಈಗ ನೂರಾರು ವಿಷಯಗಳಲ್ಲಿ ನಡೆಯುತ್ತವೆ. ನಮಗೆ ಬೇಕಾದ್ದು 'ಎಂಜೈಮ್ಸ್, ಕೋಎಂಜೈಮ್ಸ್ ಆ್ಯಂಡ್ ಮೆಟಬಾಲಿಕ್ ಪಾಥ್‌ವೇಸ್' ಎನ್ನುವುದು, ಅಂದರೆ ಕಿಣ್ವಗಳು, ಅವಕ್ಕೆ ನೆರವಾಗುವ ಕೋಎಂಜೈಮ್ ಎಂಬ ಸಣ್ಣ ಅಣುಗಳು ಮತ್ತು ಜೀವಕೋಶದ ರಾಸಾಯನಿಕ ದಾರಿಗಳ ಬಗ್ಗೆ. ನ್ಯೂ ಹ್ಯಾಂಪ್‌ಶೈರ್‌ನ ಬೆಟ್ಟಗಳ ನಡುವಿನ ವಾಟರ್‌ವಿಲ್ ವ್ಯಾಲಿ ಎಂಬ ಜಾಗದಲ್ಲಿ ಇದು ಹಲವು ವರ್ಷ ನಡೆದಿದೆ, ಜುಲೈ ತಿಂಗಳಲ್ಲಿ. ಯುರೋಪಿನಲ್ಲಿ ಫ್ರಾಂಕ್‌ಫರ್ಟ್‌ನ ಬೈಲ್‌ಸ್ಟೈನ್ ಸಂಸ್ಥೆಯವರು ಕಿಣ್ವಗಳ ಬಗ್ಗೆ ಇಂಥದೇ ಸಣ್ಣ ಕೂಟಗಳನ್ನು ರೈನ್ ನದಿ ದಂಡೆಯ ರ್ಯೂಡೆಸ್‌ಹೈಮ್‌ನಲ್ಲಿ ನಡೆಸಿದ್ದಾರೆ. ಅವರ ಹೆಸರು ನೆನಪಿಡಿ, ಪೋಸ್ಟರ್, ಅಂದರೆ ನಮ್ಮ ಕೆಲಸವನ್ನು ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ತೂಗಿಸಿ, ಮುಂದೆ ನಿಂತು ವಿವರಿಸುವ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇಂಥ ಕಡೆ ದುಡ್ಡು ಕಟ್ಟಿದರೆ ಸೀಟು ಸಿಕ್ಕಿತು ಎಂದಲ್ಲ. ಅರ್ಜಿ ಹಾಕಬೇಕು, ಅಧ್ಯಕ್ಷರು ನೋಡಿ ಒಪ್ಪಬೇಕು. ನಿಮ್ಮ ಕೆಲಸ ಆ ವಿಷಯಕ್ಕೆ ಹೇಗೆ ಸೇರುತ್ತದೆ ಎಂಬ ನಾಲ್ಕು ಸಾಲು ಮುಖ್ಯ. ಆ ಜಾಗದಲ್ಲಿ ಗೈಡ್‌ನ ಹೊಗಳಿಕೆ ಬರೆಯಬೇಡಿ, ಕಾಲೇಜಿನ ನ್ಯಾಕ್ ಗ್ರೇಡ್ ಬರೆಯಬೇಡಿ. ಯಾವ ಕಿಣ್ವ, ಯಾವ ಪ್ರಶ್ನೆ, ಇಲ್ಲಿಯ ತನಕ ಏನು ಕಂಡಿತು, ಅಷ್ಟು ಸಾಕು. ಗಾರ್ಡನ್ ಸಮ್ಮೇಳನಗಳಿಗೆ ಅಂಟಿಕೊಂಡು, ಮುಂಚಿನ ಶನಿವಾರ ಮತ್ತು ಭಾನುವಾರ, ವಿದ್ಯಾರ್ಥಿಗಳಿಗೂ ಪಿಎಚ್‌ಡಿ ಮುಗಿಸಿ ಸಂಶೋಧನೆ ಮುಂದುವರಿಸುವ ಪೋಸ್ಟ್‌ಡಾಕ್‌ಗಳಿಗೂ ಮಾತ್ರ ಎಂದು ಗಾರ್ಡನ್ ರಿಸರ್ಚ್ ಸೆಮಿನಾರ್ ಇರುವುದುಂಟು. ಇದ್ದರೆ ಅದಕ್ಕೂ ಅರ್ಜಿ ಹಾಕಿ. ದೊಡ್ಡವರು ಬರುವ ಮೊದಲೇ ಒಂದಷ್ಟು ಮುಖ ಪರಿಚಯ ಆಗಿರುತ್ತದೆ. ಭಾನುವಾರ ರಾತ್ರಿ ಊಟದ ಹಾಲ್‌ಗೆ ಕಾಲಿಡುವಾಗ ಒಬ್ಬಂಟಿ ಅನಿಸುವುದಿಲ್ಲ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಶುಲ್ಕ ಸಾವಿರ ಡಾಲರ್ ಮೀರುತ್ತದೆ ಎಂದು ನೋಡಿ ಎದೆ ಒಡೆದುಕೊಳ್ಳಬೇಡಿ, ಅದರಲ್ಲಿ ರೂಮು ಮತ್ತು ಊಟ ಸೇರಿದೆ. ಇಬ್ಬರಿರುವ ರೂಮು ತೆಗೆದುಕೊಂಡರೆ ಕಡಿಮೆ, ಒಬ್ಬರೇ ಬೇಕೆಂದರೆ ಜಾಸ್ತಿ. ವಿಮಾನದ ಖರ್ಚಿಗೆ ಸಂಶೋಧನೆಗೆ ಹಣ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಗಳು, ಅಂದರೆ ಸಿಎಸ್‌ಐಆರ್, ಡಿಬಿಟಿ, ಐಸಿಎಂಆರ್‌ಗಳ ಪ್ರಯಾಣ ಅನುದಾನ ನೋಡಿ. ಅಂಥದೇ ಇನ್ನೊಂದು ಸಂಸ್ಥೆಯನ್ನು ಮೊದಲು ಎಸ್‌ಇಆರ್‌ಬಿ ಎನ್ನುತ್ತಿದ್ದೆವಲ್ಲ, 2023ರ ಕಾಯ್ದೆಯಿಂದ ಅದು ಎಎನ್‌ಆರ್‌ಎಫ್ ಒಳಗೆ ಸೇರಿತು. ಸೀನಿಯರ್‌ಗಳು ಕೊಟ್ಟ ಹಳೇ ಫಾರಂ ತುಂಬಿಸಬೇಡಿ, ನಿಯಮವನ್ನು ಅವರ ಜಾಲತಾಣದಲ್ಲೇ ಓದಿ. ಮತ್ತೆ, ಸಮ್ಮೇಳನದ ಅಧ್ಯಕ್ಷರಿಗೇ ಒಂದು ಇಮೇಲ್ ಹಾಕಿ, ಶುಲ್ಕದಲ್ಲಿ ರಿಯಾಯಿತಿ ಸಾಧ್ಯವೇ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆ ಏನಿಲ್ಲ. ಹೆಚ್ಚಿನ ಕಡೆ ವಿದ್ಯಾರ್ಥಿಗಳಿಗೆಂದೇ ಸ್ವಲ್ಪ ಹಣ ತೆಗೆದಿಟ್ಟಿರುತ್ತಾರೆ, ಮೊದಲು ಕೇಳಿದವರಿಗೆ ಹೋಗುತ್ತದೆ.

ಇನ್ನು ಪಾಸ್‌ಪೋರ್ಟ್. ನಮ್ಮ ಕಡೆ ಹೆಸರಿನದ್ದೇ ದೊಡ್ಡ ಗೋಜಲು. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಇನಿಶಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ. ಕೆಲವರಿಗೆ ಒಂದೇ ಹೆಸರು, ಇನ್ನೊಂದು ಕಾಲಂ ಖಾಲಿ. ಅಂಥವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ 'ಎಫ್‌ಎನ್‌ಯು' ಎಂದು ಹಾಕುತ್ತಾರೆ, ಅಂದರೆ ಮೊದಲ ಹೆಸರು ತಿಳಿಯದು ಎಂದು. ಆಮೇಲೆ ಟಿಕೆಟ್‌ನಲ್ಲೂ ಹಾಗೇ ಬರಬೇಕು. ಆದ್ದರಿಂದ ಸಮ್ಮೇಳನದ ನೋಂದಣಿ, ಆಹ್ವಾನ ಪತ್ರ, ಟಿಕೆಟ್, ವಿಮೆ ಎಲ್ಲದರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವ ಹೆಸರನ್ನೇ, ಅದೇ ಕ್ರಮದಲ್ಲಿ ಬರೆಯಿರಿ. ಪೋಸ್ಟರ್ ಮೇಲೆ ನಿಮಗೆ ಇಷ್ಟವಾದ ಹಾಗೆ ಬರೆದುಕೊಳ್ಳಿ, ಅಲ್ಲಿ ಯಾರೂ ಕೇಳುವುದಿಲ್ಲ.

ಜರ್ಮನಿಗಾದರೆ ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಸಾಮಾನ್ಯವಾಗಿ 15 ದಿನ ಎನ್ನುತ್ತಾರೆ, 45 ದಿನದ ತನಕ ಎಳೆಯುವ ಹಕ್ಕು ಅವರಿಗಿದೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಬೇಕೇ ಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಹೊರಟ ಮೇಲೂ ಮೂರು ತಿಂಗಳು ಬಾಳಬೇಕು. ಅಮೆರಿಕಕ್ಕಾದರೆ ಬಿ-1 ವೀಸಾ, ಡಿಎಸ್-160 ಫಾರಂ, ಮುಖಾಮುಖಿ ಸಂದರ್ಶನ. ನಮ್ಮವರು ಹೆಚ್ಚಾಗಿ ಹೋಗುವುದು ಚೆನ್ನೈಗೆ. ಮಂಗಳೂರು ಸೆಂಟ್ರಲ್‌ನಿಂದ ಚೆನ್ನೈ ಮೇಲ್ ಹತ್ತಿದರೆ ರಾತ್ರಿ ಕಳೆದು ಬೆಳಗ್ಗೆ ತಲುಪುತ್ತದೆ. ಸಂದರ್ಶನದ ದಿನ ಸಿಗುವುದೇ ಕಷ್ಟ, ಹಾಗಾಗಿ ಸಮ್ಮೇಳನದ ಒಪ್ಪಿಗೆ ಪತ್ರ ಬಂದ ದಿನವೇ ಫಾರಂ ತುಂಬಿಸಲು ಕೂರಿ.

ವೀಸಾ ಸಂದರ್ಶನದ ಕಿಟಕಿಯ ಮುಂದೆ ನಿಮಗೆ ಸಿಗುವುದು ಎರಡು ಮೂರು ನಿಮಿಷ. "ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದಾಗ ಥೀಸಿಸ್‌ನ ಶೀರ್ಷಿಕೆ ಒಪ್ಪಿಸಬೇಡಿ. "ಮೀನು ಕೆಡುವಾಗ ಅದರಲ್ಲಿ ಅಲರ್ಜಿ ತರುವ ಒಂದು ವಸ್ತು ಹುಟ್ಟುತ್ತದೆ, ಅದನ್ನು ಹುಟ್ಟಿಸುವ ಕಿಣ್ವವನ್ನು ಓದುತ್ತಿದ್ದೇನೆ" ಎಂದರೆ ಯಾರಿಗಾದರೂ ಅರ್ಥವಾಗುತ್ತದೆ. ಬಯೋಟೆಕ್ನಾಲಜಿ ಎಂಬ ಮಾತು ಬಂದ ಕಡೆ ಕೆಲವೊಮ್ಮೆ 221(ಜಿ) ಎಂಬ ಚೀಟಿ ಕೊಟ್ಟು ಹೆಚ್ಚಿನ ಪರಿಶೀಲನೆಗೆ ಹಾಕುತ್ತಾರೆ. ಅದು ನಿರಾಕರಣೆಯ ಕೊನೆಯ ಮಾತಲ್ಲ. ಬಯೋಡೇಟಾ, ಪ್ರಕಟಣೆಗಳ ಪಟ್ಟಿ, ಸಂಶೋಧನೆಯ ಸಾರಾಂಶ ಕೇಳುತ್ತಾರೆ. ಅವನ್ನು ಮೊದಲೇ ಮಾಡಿ ಇಟ್ಟುಕೊಂಡರೆ ಅದೇ ದಿನ ಕಳಿಸಬಹುದು. ಉತ್ತರ ಬರುವುದು ವಾರಗಳ ಲೆಕ್ಕದಲ್ಲಿ.

ಈಗ ಪೋಸ್ಟರ್. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಮ್ಮವರ ವಿಜ್ಞಾನ ಚೆನ್ನಾಗಿದ್ದೂ ಪೋಸ್ಟರ್ ಕೈ ಕೊಡುವುದನ್ನು ಬೇಕಾದಷ್ಟು ನೋಡಿದ್ದೇನೆ.

ಮೊದಲು ಅಚ್ಚಿನ ವಿಷಯ. ಊರಲ್ಲಿ ಹೆಚ್ಚಿನವರು ಹೋಗುವುದು ಫ್ಲೆಕ್ಸ್ ಅಂಗಡಿಗೆ. ಜಾತ್ರೆ, ಕಂಬಳ, ಹುಟ್ಟುಹಬ್ಬದ ಬ್ಯಾನರ್ ಹೊಡೆಯುವ ಯಂತ್ರದಲ್ಲೇ ನಿಮ್ಮ ಪೋಸ್ಟರೂ ಬರುತ್ತದೆ. ಬಣ್ಣ ಗಾಢ, ವಾಸನೆ ಗಾಢ, ಮಡಚಿದರೆ ಗೆರೆ ಬೀಳುತ್ತದೆ. ಬಟ್ಟೆಯ ಮೇಲೆ ಅಚ್ಚು ಹಾಕಿಸಿ. ಮಡಚಿ ಬ್ಯಾಗಿನಲ್ಲಿ ಅಂಗಿಗಳ ನಡುವೆ ಇಟ್ಟರೆ ಆಯಿತು, ಉದ್ದನೆಯ ಕೊಳವೆ ಹಿಡಿದು ವಿಮಾನದ ಬಾಗಿಲಲ್ಲಿ ವಾದ ಮಾಡುವ ಕೆಲಸ ಇಲ್ಲ. ಅಳತೆಯನ್ನು ಸಂಘಟಕರ ಪತ್ರದಲ್ಲಿ ನೋಡಿಯೇ ಹಾಕಿಸಿ. ಯುರೋಪಿನಲ್ಲಿ ಸಾಮಾನ್ಯವಾಗಿ ಎ-ಜೀರೋ, ಅಂದರೆ 841 ಮಿಲಿಮೀಟರ್ ಅಗಲ, 1189 ಎತ್ತರ, ನಿಂತ ಆಕಾರ. ಅಮೆರಿಕದವರು ಅಡಿಗಳ ಲೆಕ್ಕದಲ್ಲಿ ಹೇಳುತ್ತಾರೆ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. ನೀವು ಪಿಪಿಟಿ ಫೈಲ್ ಕೊಡುತ್ತೀರಿ. ಅಂಗಡಿಯ ಹುಡುಗ ತನ್ನ ಸಾಫ್ಟ್‌ವೇರ್‌ನಲ್ಲಿ ತೆರೆಯುತ್ತಾನೆ. ಅಲ್ಲಿ ನಿಮ್ಮ ಫಾಂಟ್ ಇಲ್ಲ. ಮೈಕ್ರೋ ಎಂದು ಬರೆಯುವ ಬಾಲದ ಗ್ರೀಕ್ ಅಕ್ಷರ ಇದೆಯಲ್ಲ, ಅದು ಹೋಗಿ ಅದರ ಜಾಗದಲ್ಲಿ ಸಾದಾ 'ಎಂ' ಕೂರುತ್ತದೆ. ಈಗ ಸಾಂದ್ರತೆಯ ಅಳತೆ ಮೈಕ್ರೋಮೋಲಾರ್ ಎಂದಿದ್ದದ್ದು ಮಿಲಿಮೋಲಾರ್ ಆಯಿತು. ಸಾವಿರ ಪಟ್ಟು ವ್ಯತ್ಯಾಸ! ನೋಡಲು ಎಲ್ಲ ಸರಿಯಾಗಿದೆ, ತಪ್ಪಿದ ಹಾಗೆ ಕಾಣುವುದೇ ಇಲ್ಲ. ನಿಮ್ಮ ಕಿಣ್ವದ ಕೆಎಂ (ಗರಿಷ್ಠ ವೇಗದ ಅರ್ಧಕ್ಕೆ ಬರಲು ಅದಕ್ಕೆ ಬೇಕಾದ ಸಬ್‌ಸ್ಟ್ರೇಟ್‌ನ, ಅಂದರೆ ಕಿಣ್ವ ಮಾರ್ಪಡಿಸುವ ವಸ್ತುವಿನ, ಸಾಂದ್ರತೆ) 40 ಮೈಕ್ರೋಮೋಲಾರ್ ಇದ್ದದ್ದು 40 ಮಿಲಿಮೋಲಾರ್ ಎಂದು ಗೋಡೆಯ ಮೇಲೆ ನೇತಾಡುತ್ತದೆ. ಗೊತ್ತಿರುವವರು ಬಂದು ಓದಿ, ಇಷ್ಟು ಸೋಮಾರಿ ಕಿಣ್ವವನ್ನು ಯಾಕೆ ಸಾಕಿದ್ದೀರಿ ಎಂಬ ಹಾಗೆ ನೋಡಿ ಮುಂದೆ ಹೋಗುತ್ತಾರೆ. ಆದ್ದರಿಂದ ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಡಿ. ಅಚ್ಚಾಗುವ ಮುಂಚೆ ಪರದೆಯ ಮೇಲೆ ದೊಡ್ಡದು ಮಾಡಿ, ಮೈಕ್ರೋ, ಡಿಗ್ರಿ, ಆಲ್ಫಾ, ಬೀಟಾ, ಮೈನಸ್ ಚಿಹ್ನೆ ಎಲ್ಲ ನಿಮ್ಮ ಬೆರಳಿಟ್ಟು ನೋಡಿ. ಹುಡುಗನಿಗೆ ಬೇಜಾರಾಗುತ್ತದೆ, ಆಗಲಿ.

ಎರಡನೆಯದು, ಪೋಸ್ಟರ್ ಒಳಗೆ ಏನಿರಬೇಕು ಎಂಬುದು. ಬೈಲ್‌ಸ್ಟೈನ್ ಸಂಸ್ಥೆಯ ಹೆಸರು ಹೇಳಿದೆನಲ್ಲ, ಅವರ ಆಸರೆಯಲ್ಲಿ ಸ್ಟ್ರೆಂಡಾ ಎಂಬ ಒಂದು ಸಮಿತಿ ಇದೆ. ಕಿಣ್ವದ ಅಳತೆಗಳನ್ನು ವರದಿ ಮಾಡುವಾಗ ಕನಿಷ್ಠ ಏನೇನು ಬರೆಯಬೇಕು ಎಂದು ಅವರು ಪಟ್ಟಿ ಮಾಡಿದ್ದಾರೆ. ಕಿಣ್ವ ಎಲ್ಲಿಂದ ಬಂತು, ಕಿಣ್ವಗಳ ವರ್ಗೀಕರಣದಲ್ಲಿ ಅದರ ಇಸಿ ಸಂಖ್ಯೆ, ಉಷ್ಣಾಂಶ, ಪಿಎಚ್, ಆ ಪಿಎಚ್ ಹಿಡಿದಿಡುವ ದ್ರಾವಣ ಅಂದರೆ ಬಫರ್ ಯಾವುದು, ಎಷ್ಟು ಸಾಂದ್ರತೆ, ಯಾವ ಲವಣ, ಸಬ್‌ಸ್ಟ್ರೇಟ್ ಎಷ್ಟರಿಂದ ಎಷ್ಟರ ತನಕ, ಕಿಣ್ವ ಎಷ್ಟು, ಎಷ್ಟು ಸಲ ಮಾಡಿ ನೋಡಿದ್ದು. ಓದಿದರೆ ಇದೆಲ್ಲ ಗೊತ್ತಿದ್ದದ್ದೇ ಅನಿಸುತ್ತದೆ. ನಿಮ್ಮ ಪೋಸ್ಟರ್ ತೆಗೆದು ನೋಡಿ, ಅರ್ಧ ಇರುವುದಿಲ್ಲ.

ಒಂದು ಉದಾಹರಣೆ. "ಅಳತೆಯನ್ನು ರೂಮ್ ಟೆಂಪರೇಚರ್‌ನಲ್ಲಿ ಮಾಡಲಾಯಿತು" ಎಂದು ಬರೆಯುವ ಚಾಳಿ ನಮಗಿದೆ. ಯಾವ ರೂಮು ಮಾರಾಯ್ರೆ? ಫ್ರಾಂಕ್‌ಫರ್ಟ್‌ನ ರೂಮು 20 ಡಿಗ್ರಿ. ಏಪ್ರಿಲ್ ತಿಂಗಳಲ್ಲಿ ಕೊಣಾಜೆಯಲ್ಲೋ ಸುರತ್ಕಲ್‌ನಲ್ಲೋ ಕರೆಂಟ್ ಹೋದ ಮಧ್ಯಾಹ್ನದ ರೂಮು 32, 33. ಸುಮಾರಾಗಿ ಹೇಳಿದರೆ ಹತ್ತು ಡಿಗ್ರಿ ಏರಿದರೆ ಹೆಚ್ಚಿನ ಕಿಣ್ವಗಳ ವೇಗ ಎರಡರಷ್ಟಾಗುತ್ತದೆ. ಅಂದರೆ ನಿಮ್ಮ ಅಳತೆಗೂ ಅವರ ಅಳತೆಗೂ ಅಲ್ಲೇ ಎರಡು ಪಟ್ಟಿಗಿಂತ ಹೆಚ್ಚು ಅಂತರ ಬಂತು, ಕಿಣ್ವ ಒಂದೇ ಆಗಿದ್ದರೂ. ಅದೂ ಸಾಲದು ಎಂಬಂತೆ ನಾವು ಟ್ರಿಸ್ ಬಫರ್ ಬಳಸುತ್ತೇವೆ. ಟ್ರಿಸ್‌ನ ಪಿಎಚ್ ಪ್ರತಿ ಡಿಗ್ರಿಗೆ ಹತ್ತಿರ ಹತ್ತಿರ 0.03 ಇಳಿಯುತ್ತದೆ. 25 ಡಿಗ್ರಿಯಲ್ಲಿ 8.0ಕ್ಕೆ ಹೊಂದಿಸಿ, 37ರಲ್ಲಿ ಪ್ರಯೋಗ ಮಾಡಿದರೆ ಅದು 7.7ಕ್ಕಿಂತಲೂ ಸ್ವಲ್ಪ ಕೆಳಗಿರುತ್ತದೆ. ಪೋಸ್ಟರ್ ಮುಂದೆ ನಿಂತ ಒಬ್ಬ ಹಿರಿಯರು "ಯಾವ ಉಷ್ಣಾಂಶದಲ್ಲಿ ಪಿಎಚ್ ನೋಡಿದಿರಿ?" ಎಂದು ಕೇಳಿದರೆ ನಿಮ್ಮ ಬಳಿ ಒಂದು ಸಂಖ್ಯೆ ಇರಬೇಕು. ಇದು ಕಾಲೆಳೆಯುವ ಪ್ರಶ್ನೆ ಅಲ್ಲ. ಅವರು ನಿಮ್ಮ ದತ್ತಾಂಶವನ್ನು ಬಳಸಬಹುದೇ ಎಂದು ನೋಡುತ್ತಿದ್ದಾರೆ.

ಮೂರನೆಯದು, ಮಾತು. ನಮ್ಮೂರಿನದೇ ವಿಷಯ ತೆಗೆದುಕೊಳ್ಳೋಣ. ಬಂಗುಡೆ ಮೀನು ಬಂದರಿನ ದಕ್ಕೆಗೆ ಬಂದಾಗ ಐಸ್ ಹಾಕುವುದು ತಡವಾದರೆ ಏನಾಗುತ್ತದೆ? ಅದರ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಮಾರ್ಗನೆಲ್ಲಾದಂಥ ಬ್ಯಾಕ್ಟೀರಿಯಾಗಳ ಕಿಣ್ವ ಅದನ್ನು ಹಿಸ್ಟಮಿನ್ ಮಾಡುತ್ತದೆ. ತಿಂದವರಿಗೆ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ. ಗಸಿ ಎಷ್ಟು ಕುದಿಸಿದರೂ ಹಿಸ್ಟಮಿನ್ ಹೋಗುವುದಿಲ್ಲ. ಅದಕ್ಕಿಂತ ಸ್ವಾರಸ್ಯ ಏನೆಂದರೆ, ಕಿಣ್ವ ಒಮ್ಮೆ ತಯಾರಾದ ಮೇಲೆ ಬ್ಯಾಕ್ಟೀರಿಯಾ ಸುಮ್ಮನಾದರೂ ಅದು ಸುಮ್ಮನಾಗುವುದಿಲ್ಲ. ತನ್ನ ಪಾಡಿಗೆ ಹಿಸ್ಟಮಿನ್ ಮಾಡುತ್ತಾ ಇರುತ್ತದೆ. ಇದನ್ನು ಓದುತ್ತಿರುವ ಹುಡುಗಿ ಪೋಸ್ಟರ್ ಮುಂದೆ ಮೊದಲ ವಾಕ್ಯ ಏನು ಹೇಳಬೇಕು? "ಹಿಸ್ಟಿಡಿನ್ ಡಿಕಾರ್ಬಾಕ್ಸಿಲೇಸ್, ಇಸಿ 4.1.1.22" ಎಂದು ಶುರು ಮಾಡಿದರೆ ಎದುರಿನವರು ತಲೆಯಾಡಿಸಿ ಕಾಫಿಯ ಕಡೆ ಹೋಗುತ್ತಾರೆ. "ಬ್ಯಾಕ್ಟೀರಿಯಾ ಸುಮ್ಮನಾದ ಮೇಲೂ ಕೆಲಸ ನಿಲ್ಲಿಸದ ಕಿಣ್ವ ಇದು, ಯಾಕೆ ನಿಲ್ಲಿಸುವುದಿಲ್ಲ ಎಂದು ನೋಡುತ್ತಿದ್ದೇನೆ" ಎಂದರೆ ನಿಲ್ಲುತ್ತಾರೆ. ನಿಂತ ಮೇಲೆ ಪ್ರಶ್ನೆ ಬರುತ್ತದೆ. ಅದು ಕೋಎಂಜೈಮ್ ಗೊತ್ತಿರುವವರ ಕೂಟ, ಹಾಗಾಗಿ ಮೊದಲ ಪ್ರಶ್ನೆಯನ್ನು ಈಗಲೇ ಹೇಳಬಲ್ಲೆ: "ನಿಮ್ಮದು ಪಿಎಲ್‌ಪಿಯದ್ದೋ, ಪೈರುವಾಯ್ಲ್‌ನದ್ದೋ?" ಈ ಕಿಣ್ವದಲ್ಲಿ ಎರಡು ಮನೆತನ ಇದೆ. ಮಾರ್ಗನೆಲ್ಲಾ ಥರದವುಗಳಲ್ಲಿ ವಿಟಮಿನ್ ಬಿ6ನಿಂದ ಬರುವ ಪಿಎಲ್‌ಪಿ ಕೆಲಸ ಮಾಡುತ್ತದೆ. ಲ್ಯಾಕ್ಟೋಬ್ಯಾಸಿಲಸ್‌ನಂಥವುಗಳಲ್ಲಿ ಕಿಣ್ವದೊಳಗಿನ ಸೀರಿನ್ ಎಂಬ ಅಮೈನೋ ಆಮ್ಲದಿಂದಲೇ ಹುಟ್ಟಿದ ಪೈರುವಾಯ್ಲ್ ಗುಂಪು. ನಿಮ್ಮ ಕಿಣ್ವದ ಇಂಥ ಮೊದಲ ಐದು ಪ್ರಶ್ನೆಗಳನ್ನು ಲ್ಯಾಬ್‌ನವರೆಲ್ಲ ಕೂತು ಬರೆಯಿರಿ. ಹೊರಡುವ ಹಿಂದಿನ ವಾರ ಕ್ಯಾಂಟೀನಿನಲ್ಲಿ ಯಾರಾದರೂ ಕೇಳಲಿ, ನೀವು ಉತ್ತರಿಸಿ. ಇಂಗ್ಲಿಷ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಜಪಾನಿನವರೂ ಬ್ರೆಜಿಲ್‌ನವರೂ ನಿಮ್ಮ ಹಾಗೇ ಇರುತ್ತಾರೆ. ನಿಧಾನವಾಗಿ ಮಾತಾಡಿ. ಮತ್ತೆ, ಆ ಕಡೆ ಈ ಕಡೆ ತಲೆ ಆಡಿಸುವುದು ಹೌದೋ ಅಲ್ಲವೋ ಎಂದು ಅವರಿಗೆ ತಿಳಿಯುವುದಿಲ್ಲ. ಬಾಯಲ್ಲಿ ಹೇಳಿ.

ಗಾರ್ಡನ್ ಸಮ್ಮೇಳನದ ದಿನಚರಿ ವಿಚಿತ್ರವಾಗಿದೆ. ಬೆಳಗ್ಗೆ ಉಪನ್ಯಾಸ, ಮಧ್ಯಾಹ್ನ ಊಟ, ಆಮೇಲೆ ಬಿಡುವು. ಸಂಜೆ ನಾಲ್ಕರ ಹೊತ್ತಿಗೆ ಪೋಸ್ಟರ್, ಊಟ, ರಾತ್ರಿ ಏಳೂವರೆಗೆ ಮತ್ತೆ ಉಪನ್ಯಾಸ. ಜುಲೈಯಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿಯ ರಾತ್ರಿ ಏಳೂವರೆ ಅಂದರೆ ನಿಮ್ಮ ದೇಹಕ್ಕೆ ಬೆಳಗಿನ ಐದು. ಮಧ್ಯಾಹ್ನದ ಬಿಡುವಿನಲ್ಲಿ ಹಾಸಿಗೆ ಕರೆಯುತ್ತದೆ. ಮಲಗಿದಿರೋ, ಸಂಜೆ ಪೋಸ್ಟರ್ ಮುಂದೆ ನಿಮ್ಮ ಬದಲು ಖಾಲಿ ಜಾಗ ಇರುತ್ತದೆ. ಸಾಧ್ಯವಾದರೆ ಒಂದು ದಿನ ಮೊದಲೇ ಹೋಗಿ ಇಳಿಯಿರಿ.

ಆ ಬಿಡುವಿನ ಹೊತ್ತನ್ನು ನಮ್ಮವರು ಸಾಮಾನ್ಯವಾಗಿ ಪೋಲು ಮಾಡುತ್ತಾರೆ. ರೂಮಿಗೆ ಹೋಗಿ ಮನೆಗೆ ಫೋನ್, ಇಲ್ಲದಿದ್ದರೆ ಸ್ಲೈಡ್ ತಿದ್ದುವುದು. ಉಳಿದವರು ಗುಂಪು ಕಟ್ಟಿಕೊಂಡು ಬೆಟ್ಟ ಹತ್ತಲು ಹೋಗಿರುತ್ತಾರೆ. ನೀವೂ ಹೋಗಿ. ಪಶ್ಚಿಮ ಘಟ್ಟ ಹತ್ತಿದ ಕಾಲುಗಳಿಗೆ ಅದು ಕಷ್ಟವಲ್ಲ. ಎರಡು ಗಂಟೆ ಒಟ್ಟಿಗೆ ನಡೆಯುವಾಗ ಪ್ರಕಟವಾಗದ ಪ್ರಯೋಗಗಳ ಕಥೆ ಬರುತ್ತದೆ. ಯಾವ ಪ್ರೋಟೀನ್ ಕರಗಲೇ ಇಲ್ಲ, ಯಾವ ವಿಧಾನ ಪೇಪರ್‌ನಲ್ಲಿ ಚೆಂದ ಕಂಡರೂ ಮಾಡಿದರೆ ಬರುವುದಿಲ್ಲ, ಯಾವ ಲ್ಯಾಬ್‌ನಲ್ಲಿ ಜಾಗ ಖಾಲಿಯಾಗಲಿದೆ. ಇವು ಯಾವ ಪತ್ರಿಕೆಯಲ್ಲೂ ಅಚ್ಚಾಗುವುದಿಲ್ಲ. ನೀವು ಸಾವಿರಾರು ಮೈಲಿ ಹಾರಿ ಹೋಗುವುದು ಇದಕ್ಕಾಗಿಯೇ ಎಂದು ನನ್ನ ಅಭಿಪ್ರಾಯ. ಉಪನ್ಯಾಸಗಳು ಆರು ತಿಂಗಳಲ್ಲಿ ಪೇಪರ್ ಆಗಿ ನಿಮ್ಮ ಮೇಜಿಗೇ ಬರುತ್ತವೆ.

ಶೂ ಗಟ್ಟಿಯದ್ದಿರಲಿ, ಉದ್ದ ಪ್ಯಾಂಟ್ ಹಾಕಿ. ಆ ಕಾಡುಗಳಲ್ಲಿ ಉಣುಗು ಇದೆ, ಲೈಮ್ ಎಂಬ ಕಾಯಿಲೆ ತರುತ್ತದೆ. ಕ್ಯಾಸನೂರಿನ ಮಂಗನ ಕಾಯಿಲೆ ಗೊತ್ತಿರುವ ನಮಗೆ ಉಣುಗಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ವಾಪಸ್ ಬಂದು ಮೈ ನೋಡಿಕೊಳ್ಳಿ. ಜುಲೈ ಆದರೂ ಬೆಟ್ಟದಲ್ಲಿ ರಾತ್ರಿ ಚಳಿ, ಒಂದು ಸ್ವೆಟರ್ ಸಾಕು. ಕೋಟು, ಟೈ ಬೇಡವೇ ಬೇಡ. ನೊಬೆಲ್ ಬಂದವರೂ ಚಡ್ಡಿಯಲ್ಲಿ ಓಡಾಡುವ ಜಾಗ ಅದು.

ಊಟದ ಮೇಜು ಇನ್ನೊಂದು ಪರೀಕ್ಷೆ. ಹಾಲ್‌ಗೆ ಹೋದ ಕೂಡಲೇ ಕಣ್ಣು ಭಾರತದವರನ್ನು ಹುಡುಕುತ್ತದೆ. ಕನ್ನಡವೋ ತುಳುವೋ ಕಿವಿಗೆ ಬಿದ್ದರಂತೂ ಮುಗಿಯಿತು, ಐದು ದಿನ ಅದೇ ಮೇಜು. ಒಂದು ಊಟ ಅವರ ಜೊತೆ ಮಾಡಿ, ಉಳಿದದ್ದು ಬೇರೆ ಬೇರೆ ಮೇಜಿನಲ್ಲಿ. ಖಾಲಿ ಕುರ್ಚಿ ಕಂಡರೆ "ಇಲ್ಲಿ ಕೂರಬಹುದಾ?" ಎಂದರೆ ಸಾಕು, ಇಂಥ ಕೂಟಗಳಲ್ಲಿ ಬೇಡ ಎನ್ನುವ ರೂಢಿ ಇಲ್ಲ. ಹೋಗುವ ಮೊದಲು ಕಾರ್ಯಕ್ರಮ ಪಟ್ಟಿ ನೋಡಿ, ಯಾರ ಜೊತೆ ಮಾತಾಡಲೇಬೇಕು ಎಂದು ಮೂರು ಹೆಸರು ಗುರುತು ಮಾಡಿ. ಅವರ ಒಂದೊಂದು ಪೇಪರ್ ನಿಜವಾಗಿ ಓದಿ, ಸಾರಾಂಶ ಅಲ್ಲ. "ನಿಮ್ಮ ಕೆಲಸ ತುಂಬಾ ಇಷ್ಟ ಸರ್" ಎಂದರೆ ಮಾತು ಅಲ್ಲೇ ಮುಗಿಯುತ್ತದೆ. "ನೀವು ಸ್ಟಾಪ್ಡ್-ಫ್ಲೋದಲ್ಲಿ ನೋಡಿದ ಮೊದಲ ಹಂತ ಮಿಲಿಸೆಕೆಂಡುಗಳಲ್ಲಿ ಮುಗಿಯುತ್ತದೆ. ನಮ್ಮಲ್ಲಿ ಪ್ಲೇಟ್ ರೀಡರ್ ಮಾತ್ರ ಇದೆ. ಉಷ್ಣಾಂಶ ಇಳಿಸಿದರೆ ಅದು ಹಿಡಿತಕ್ಕೆ ಸಿಗಬಹುದೇ?" ಎಂದು ಕೇಳಿ. ಸ್ಟಾಪ್ಡ್-ಫ್ಲೋ ಅಂದರೆ ಮಿಲಿಸೆಕೆಂಡಿನ ಕ್ರಿಯೆಗಳನ್ನೂ ಹಿಡಿಯುವ ಉಪಕರಣ, ಪ್ಲೇಟ್ ರೀಡರ್ ಅದಕ್ಕಿಂತ ನಿಧಾನದ್ದು. ಇಲ್ಲದ್ದನ್ನು ಇಲ್ಲ ಎಂದು ಹೇಳಿದರೆ ಮರ್ಯಾದೆ ಹೋಗುವುದಿಲ್ಲ. ಬಂದು ನಮ್ಮಲ್ಲಿ ಎರಡು ವಾರ ಮಾಡಿಕೊಂಡು ಹೋಗು ಎಂಬ ಮಾತು ಬರುವುದು ಇಂಥ ಪ್ರಶ್ನೆಗಳಿಂದಲೇ.

ಅಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಮಗೆ ನಾಲಿಗೆ ತಿರುಗುವುದಿಲ್ಲ. ಮೊದಲ ಸಲ ಪ್ರೊಫೆಸರ್ ಎನ್ನಿ, ಅವರೇ ಹೆಸರು ಹೇಳಿ ಎಂದರೆ ಹಾಗೇ ಕರೆಯಿರಿ. ಪ್ರತಿ ವಾಕ್ಯಕ್ಕೂ ಸರ್ ಹಾಕಿದರೆ ಅವರಿಗೇ ಮುಜುಗರ.

ಫೋನಿನ ಬಗ್ಗೆ ಒಂದು ಎಚ್ಚರಿಕೆ. ಗಾರ್ಡನ್ ಸಮ್ಮೇಳನದಲ್ಲಿ ಹೇಳಿದ್ದು, ತೋರಿಸಿದ್ದು ಹೊರಗೆ ಹೋಗುವ ಹಾಗಿಲ್ಲ. ಸ್ಲೈಡ್ ಫೋಟೊ ತೆಗೆಯುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ, ಪೇಪರ್‌ನಲ್ಲಿ ಉಲ್ಲೇಖಿಸುವಂತಿಲ್ಲ. ಪ್ರಕಟವಾಗದ ಫಲಿತಾಂಶವನ್ನು ಜನ ಧೈರ್ಯವಾಗಿ ತೋರಿಸಲಿ ಎಂದೇ ಈ ನಿಯಮ. ನಮ್ಮವರಿಗೆ ಹಾಲ್‌ನಲ್ಲಿ ಕೂತ ಕೂಡಲೇ ವಾಟ್ಸಾಪ್ ಸ್ಟೇಟಸ್ ಹಾಕುವ ಅಭ್ಯಾಸ. ಬೆಟ್ಟದ ಫೋಟೊ ಹಾಕಿ, ಹಿನ್ನೆಲೆಯಲ್ಲಿ ಯಾರದೋ ಗ್ರಾಫ್ ಇರುವುದು ಬೇಡ. ಒಂದು ನೋಟ್‌ಬುಕ್ ಇಟ್ಟುಕೊಂಡು ಕೈಯಲ್ಲೇ ಬರೆಯಿರಿ. ನಿಮ್ಮದೇ ಕೆಲಸಕ್ಕೆ ಪೇಟೆಂಟ್ ಯೋಚನೆ ಇದ್ದರೆ, ಏನು ತೋರಿಸಬಹುದು ಎಂದು ಗೈಡ್ ಜೊತೆ ಮೊದಲೇ ಮಾತಾಡಿ. ಹೊರಡುವ ಹಿಂದಿನ ರಾತ್ರಿ ಅಲ್ಲ.

ಇನ್ನು ಹೊರಡುವ ದಾರಿ. ಸಮ್ಮೇಳನ ಜುಲೈಯಲ್ಲಾದರೆ ನಮಗೆ ಅಪಾಯ ಅಟ್ಲಾಂಟಿಕ್ ಮೇಲಲ್ಲ, ಶಿರಾಡಿಯಲ್ಲಿ! ರಾತ್ರಿ ಬಸ್ಸಿಗೆ ಹೊರಟು, ಬೆಳಗ್ಗೆ ಬೆಂಗಳೂರು, ಮಧ್ಯಾಹ್ನ ವಿಮಾನ ಎಂದು ಲೆಕ್ಕ ಹಾಕುತ್ತೇವೆ. ಗುಡ್ಡ ಜರಿದರೆ ಲೆಕ್ಕ ಮುಗಿಯಿತು. ರೈಲೂ ಅಷ್ಟೇ, 2024ರ ಜುಲೈಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಬುಡದ ಮಣ್ಣು ಕುಸಿದು ಬೆಂಗಳೂರು ಗಾಡಿಗಳು ಹಲವು ದಿನ ನಿಂತಿದ್ದವು. ಬಜ್ಪೆಯಿಂದ ವಿಮಾನ ಎಂದರೂ, ಮಳೆಗೆ ಕಣ್ಣು ಕಾಣದೆ ಬೇರೆ ಊರಿಗೆ ತಿರುಗಿಸುವುದುಂಟು. ಆದ್ದರಿಂದ ಒಂದು ಇಡೀ ದಿನ ಮುಂಚೆ ಬೆಂಗಳೂರು ಸೇರಿಕೊಳ್ಳಿ. ಬಜ್ಪೆಯಿಂದಲೇ ಹೋಗುವುದಾದರೆ ಕೊನೆಯ ಊರಿನ ತನಕ ಒಂದೇ ಟಿಕೆಟ್ ಇರಲಿ. ಬೇರೆ ಬೇರೆ ಟಿಕೆಟ್ ಮಾಡಿ ಮೊದಲನೆಯದು ತಡವಾದರೆ ಎರಡನೆಯವರು ಜವಾಬ್ದಾರಿ ತೆಗೆದುಕೊಳ್ಳುವುದಿಲ್ಲ. ವಾಟರ್‌ವಿಲ್ ವ್ಯಾಲಿಗೆ ಬಾಸ್ಟನ್‌ನಿಂದ ರಸ್ತೆಯಲ್ಲಿ ಎರಡು ಗಂಟೆಗೂ ಮೇಲೆ, ರೈಲು ಇಲ್ಲ. ಬಸ್ಸೋ ಕಾರೋ ಯಾವುದೆಂದು ಇಲ್ಲಿಂದಲೇ ಗೊತ್ತು ಮಾಡಿಕೊಂಡು ಹೋಗಿ. ಸಂಘಟಕರಿಗೆ ಬರೆದರೆ ಅದೇ ವಿಮಾನ ನಿಲ್ದಾಣಕ್ಕೆ ಬರುವ ಬೇರೆಯವರ ಜೊತೆ ಸೇರಿಸುತ್ತಾರೆ. ಆ ಕಾರಿನಲ್ಲೇ ಎರಡು ಪರಿಚಯ ಆಗುತ್ತದೆ.

ಕಿಣ್ವದ ಪುಡಿ, ಪ್ಲಾಸ್ಮಿಡ್, ಬ್ಯಾಕ್ಟೀರಿಯಾ ತಟ್ಟೆ ಯಾವುದನ್ನೂ ಬ್ಯಾಗಿನಲ್ಲಿ ಹಾಕಬೇಡಿ. ಯಾರಾದರೂ ಕೇಳಿದ್ದರೆ ಎರಡು ಸಂಸ್ಥೆಗಳ ನಡುವೆ ಒಪ್ಪಂದ ಆಗಿ, ಕಾಗದಪತ್ರದ ಜೊತೆ ಕೊರಿಯರ್‌ನಲ್ಲಿ ಹೋಗಲಿ. ಹೆಸರಿಲ್ಲದ ಬಿಳಿ ಪುಡಿಯ ಟ್ಯೂಬನ್ನು ಕಸ್ಟಮ್ಸ್‌ನವರಿಗೆ ಲೈಪೇಸ್ ಎಂದು ವಿವರಿಸುತ್ತಾ ನಿಂತರೆ ಮುಂದಿನ ವಿಮಾನ ಹೋಗಿರುತ್ತದೆ. ತಿಂಡಿಯೂ ಹಾಗೇ: ಚಟ್ನಿಪುಡಿ, ಖಾರ ಕಡ್ಡಿ ಪರವಾಗಿಲ್ಲ, ಹಣ್ಣು, ಬೀಜ, ಮಾಂಸ ಬೇಡ. ಕಸ್ಟಮ್ಸ್ ಕಾಗದದಲ್ಲಿ ಕೇಳಿದರೆ ತಿಂಡಿ ಇದೆ ಎಂದೇ ಬರೆಯಿರಿ. ಒಣಮೀನನ್ನು ಮಾತ್ರ ದಯವಿಟ್ಟು ಬಿಟ್ಟು ಹೋಗಿ, ರೂಮಿನಲ್ಲಿ ಇನ್ನೊಬ್ಬರಿರುತ್ತಾರೆ.

ಮುಂದೆ ಪ್ರಶ್ನೆಗಳು ಬಂದವು.

"ಸರ್, ಗೊತ್ತಿಲ್ಲದವರ ಜೊತೆ ರೂಮು ಅಂದರೆ ಮನೆಯಲ್ಲಿ ಒಪ್ಪುವುದಿಲ್ಲ" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಹೆಂಗಸರಿ‌ಗೆ ಹೆಂಗಸರನ್ನೇ ಜೊತೆ ಹಾಕುತ್ತಾರೆ, ನೋಂದಣಿಯ ಫಾರಂನಲ್ಲೇ ಹೇಳಬಹುದು. ಪರಿಚಯದ ಯಾರಾದರೂ ಬರುತ್ತಿದ್ದರೆ ಇಬ್ಬರೂ ಒಬ್ಬರ ಹೆಸರು ಇನ್ನೊಬ್ಬರು ಬರೆಯಿರಿ. ಗಾರ್ಡನ್ ಸಮ್ಮೇಳನಗಳಲ್ಲಿ 'ಪವರ್ ಅವರ್' ಎಂಬ ಒಂದು ಗಂಟೆ ಇರುತ್ತದೆ, ವಿಜ್ಞಾನದಲ್ಲಿ ಹೆಂಗಸರಿಗೆ ಎದುರಾಗುವ ತೊಡಕುಗಳ ಬಗ್ಗೆ. ಅದಕ್ಕೆ ತಪ್ಪದೆ ಹೋಗಿ, ಹುಡುಗರೂ ಹೋಗಿ. ಮನೆಯವರಿಗೆ ಸಂಘಟಕರ ಫೋನ್ ನಂಬರ್, ಜಾಗದ ವಿಳಾಸ ಬರೆದು ಫ್ರಿಜ್ ಮೇಲೆ ಅಂಟಿಸಿ.

"ರಾತ್ರಿ ಬಾರ್ ಉಂಟಂತಲ್ಲ, ಕುಡಿಯದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರಾ?" ಇಲ್ಲ. ರಾತ್ರಿ ಉಪನ್ಯಾಸ ಮುಗಿದ ಮೇಲೆ ಎಲ್ಲರೂ ಅಲ್ಲಿ ಸೇರುತ್ತಾರೆ, ಕೈಯಲ್ಲಿ ಏನಿದೆ ಎಂದು ಯಾರೂ ನೋಡುವುದಿಲ್ಲ. ಜ್ಯೂಸ್ ಹಿಡಿದು ಹೋಗಿ, ಅರ್ಧ ಗಂಟೆಯಾದರೂ ಇರಿ.

"ಸಸ್ಯಾಹಾರಿಗಳಿಗೆ?" ಅರ್ಜಿಯಲ್ಲೇ ಬರೆದರೆ ವ್ಯವಸ್ಥೆ ಇರುತ್ತದೆ. ಮೀನು, ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಎಂದು ಬಿಡಿಸಿ ಬರೆಯಿರಿ, ಅವರಲ್ಲಿ ಕೆಲವರು ಮೀನನ್ನೂ ಸಸ್ಯಾಹಾರದ ಲೆಕ್ಕಕ್ಕೆ ಹಾಕುತ್ತಾರೆ. ನಮ್ಮಲ್ಲಿಯೂ ಅಂಥವರಿದ್ದಾರೆ, ಅದು ಬೇರೆ ಮಾತು. ಕುಚ್ಚಲಕ್ಕಿ ಗಂಜಿ ಸಿಗುವುದಿಲ್ಲ, ಐದು ದಿನ ಬ್ರೆಡ್ಡು, ಸೊಪ್ಪು, ಹಣ್ಣು ತಿಂದು ಇರಬಹುದು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: "ವಾಪಸ್ ಬಂದ ಮೇಲೆ ಏನು ಮಾಡಬೇಕು ಸರ್?" ಎರಡು ಕೆಲಸ ಇದೆ. ವಿಮಾನದಲ್ಲಿ ಕೂತಿರುವಾಗಲೇ, ಯಾರ ಜೊತೆ ಏನು ಮಾತಾಡಿದಿರಿ, ಯಾರಿಗೆ ಏನು ಕಳಿಸುತ್ತೇನೆ ಎಂದಿರಿ, ನೋಟ್‌ಬುಕ್‌ನಲ್ಲಿ ಬರೆಯಿರಿ. ಆ ವಾರವೇ ಒಬ್ಬೊಬ್ಬರಿಗೂ ನಾಲ್ಕು ಸಾಲಿನ ಇಮೇಲ್ ಹಾಕಿ. ಕಳಿಸುತ್ತೇನೆ ಎಂದ ಗ್ರಾಫ್ ಜೊತೆಗಿರಲಿ. ಇನ್ನೊಂದು, ಬೋರ್ಡಿಂಗ್ ಪಾಸ್‌ಗಳು. ಹೋಗುವಾಗಿನದ್ದು, ಬರುವಾಗಿನದ್ದು, ನಡುವೆ ವಿಮಾನ ಬದಲಿಸಿದ್ದು, ಎಲ್ಲವೂ ಬೇಕು. ಅನುದಾನ ಕೊಟ್ಟವರು ಲೆಕ್ಕಕ್ಕೆ ಮೊದಲು ಕೇಳುವುದು ಅದನ್ನೇ. ಫೋನಿನಲ್ಲಿ ಬಂದ ಪಾಸ್ ಆದರೆ ಪಿಡಿಎಫ್ ಮಾಡಿ ಉಳಿಸಿ, ಕಾಗದದ್ದಾದರೆ ಅವತ್ತೇ ಫೋಟೊ ತೆಗೆದುಕೊಳ್ಳಿ. ಅದರ ಶಾಯಿ ಒಂದೆರಡು ತಿಂಗಳಲ್ಲಿ ಮಾಸಿ ಹೋಗುತ್ತದೆ, ನಮ್ಮ ಬಿಲ್ ಪಾಸಾಗುವುದು ಅದಕ್ಕಿಂತ ತಡವಾಗಿ.